ಬಾಯಾರಿದವನ ಖಾತೆ

ಮಾರ್ಚ್ 4, ಸಂಜೆ 5.10

ಪೂರ್ಣ ಪ್ರಜ್ಞೆಯಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದೇನೆ: ಇಂದು ಒಬ್ಬ ನಾಗರಿಕನನ್ನು ಹುಟ್ಟಿಸಿದೆ. ಹೆಸರು ‘ಬಾಯಾರಿದವ’. ಹೆತ್ತದ್ದು ಕಚೇರಿ ಕಂಪ್ಯೂಟರಿನಲ್ಲಿ, ಕಚೇರಿ ಸಮಯದಲ್ಲಿ. ನೀರು ಸರಬರಾಜು ಇಲಾಖೆಯ ಫೇಸ್‌ಬುಕ್ ಪುಟಕ್ಕೆ ಬರುವ ದೂರುಗಳಿಗೆ ಉತ್ತರ ಬರೆಯುವ ಗುಮಾಸ್ತ ನಾನು. ದೂರೂ ನಾನೇ ಬರೆಯಬಾರದೆಂದು ನೇಮಕಾತಿ ಆದೇಶದಲ್ಲೇನೂ ಇಲ್ಲ.

ಕಾರಣ— ನಿವೃತ್ತ ಟೀಚರಮ್ಮನ ಅರ್ಜಿ. ಇಪ್ಪತ್ತಮೂರು ದಿನದಿಂದ ಟ್ರೇಯಲ್ಲಿ ಮಲಗಿತ್ತು. ಬೆಳಿಗ್ಗೆ ಅದನ್ನೇ ಬಾಯಾರಿದವನ ಹೆಸರಿನಲ್ಲಿ ಪುಟಕ್ಕೆ ಹಾಕಿದೆ. ಊಟದ ಹೊತ್ತಿಗೆ ಪೈಪ್ ರಿಪೇರಿ. ಇಲಾಖೆಯ ನೀರಿಳಿಸಿದರೆ ಮಾತ್ರ ನಲ್ಲಿಯಲ್ಲಿ ನೀರಿಳಿಯುತ್ತದೆ.

ಮಾರ್ಚ್ 11

ಏಳು ದೂರು, ಏಳೂ ಪರಿಹಾರ. ಫಾಲೋವರ್ಸ್ ಒಂಬೈನೂರು. ಊಟದ ನಡುವೆ ಮೂರು ಸಲ ಎದ್ದು ಫೋನ್ ನೋಡಿದೆ.

“ಅದೇನ್ರೀ, ಒಲೆ ಮೇಲೆ ಹಾಲಿಟ್ಟವರ ಥರ ಹೋಗಿ ಹೋಗಿ ನೋಡ್ಕೊಂಡು ಬರ್ತೀರಿ?” ಹೆಂಡತಿ.

ಜನಸೇವೆ ಎಂದೆ.

“ಸೇವೆಗೆ ಎಷ್ಟು ಲೈಕ್ ಬಂತು?”

ಉತ್ತರ ಗೊತ್ತಿತ್ತು. ಸಾರು ಬಡಿಸು ಎಂದೆ.

ಮಾರ್ಚ್ 13, ಮಧ್ಯಾಹ್ನ 1.30

ಆಡಿಟ್‌ಗೆಂದು ಡ್ಯೂಟಿ ರಿಜಿಸ್ಟರ್ ತರಲು ಪಂಪ್‌ಹೌಸಿಗೆ ಹೋಗಿದ್ದೆ. ಬೆಳಿಗ್ಗೆಯಿಂದ ನಾಲ್ಕು ಬೀದಿಗೆ ನೀರಿಲ್ಲ. ಪಂಪ್ ಆಪರೇಟರ್ ಬೆಂಚಿನ ಮೇಲೆ ಬಾಯಿ ತೆರೆದು ನಿದ್ರೆ. ಕ್ಲಿಕ್. ಎಬ್ಬಿಸಬಹುದಿತ್ತು. ಎಬ್ಬಿಸಿದ್ದರೆ ಫೋಟೋ ಹಾಳಾಗುತ್ತಿತ್ತು... ರಿಜಿಸ್ಟರ್ ಬ್ಯಾಗಿಗೆ ಹಾಕಿಕೊಂಡು ಬಂದೆ. ದಾರಿಯಲ್ಲೇ ಫೋಟೋಗೆ ಒಂದು ಒಕ್ಕಣೆ ಹೊಳೆಯಿತು. ಹಾಕಿಬಿಟ್ಟೆ.

3.00

ಆರುನೂರು ಲೈಕ್.

4.15

ಎರಡು ಸಾವಿರ. ಇಲಾಖೆಯ ಪರವಾಗಿ ಎಂದಿನ ಉತ್ತರ ಅಂಟಿಸಿದೆ: ‘ತಪ್ಪಿತಸ್ಥರ ವಿರುದ್ಧ ಕಠಿಣ ಕ್ರಮ ಜರುಗಿಸಲಾಗುವುದು.’ ಎಲ್ಲ ದೂರಿಗೂ ಅಂಟಿಸುವುದು ಅದನ್ನೇ. ಕೈಗೆ ಅಭ್ಯಾಸ.

ಮಾರ್ಚ್ 14

ಆಪರೇಟರ್ ಸಸ್ಪೆಂಡ್.

ಎಂಜಿನಿಯರ್ ಬಳಿ ಓಡಿದೆ. “ಸಾರ್, ವಿಚಾರಣೆ ಇಲ್ದೇನೆ?”

“ಕಠಿಣ ಕ್ರಮ ಅಂತ ಬರೆದೋನು ನೀನೇ ಅಲ್ವೇನಯ್ಯ? ಎಲ್ಲಿ ಕ್ರಮ, ಎಲ್ಲಿ ಕ್ರಮ ಅಂತ ಜನ ಕೂತು ಕೇಳ್ತಿದಾರೆ. ಏನ್ ತೋರಿಸ್ಲಿ, ನಿನ್ನ ಮುಖಾನಾ?”

ಮುಖ ಒರೆಸಿಕೊಂಡು ಹೊರಬಂದೆ. ರಿಜಿಸ್ಟರ್ ಇನ್ನೂ ಬ್ಯಾಗಿನಲ್ಲೇ ಇತ್ತು. ಈಗ ತೆರೆದು ಓದಿದೆ. ಬದಲಿ ಆಪರೇಟರ್ ಬಾರದೆ ಮೂವತ್ತಾರು ಗಂಟೆ ಒಬ್ಬರೇ ಡ್ಯೂಟಿ. 13ರ ಬೆಳಿಗ್ಗೆ ಒಂಬತ್ತರಿಂದ ಕರೆಂಟೇ ಇಲ್ಲ. ಪಂಪ್ ಓಡಿಸುವುದಾದರೂ ಹೇಗೆ...

ಮಾರ್ಚ್ 19, ಬೆಳಿಗ್ಗೆ 11.00

ಹೇಳಿಬಿಟ್ಟೆ. ರಿಜಿಸ್ಟರ್ ಮುಂದಿಟ್ಟು, ಬಾಯಾರಿದವ ನಾನೇ ಎಂದೆ. ಎಂಜಿನಿಯರ್ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

“ಐದು ದಿನ ಎಲ್ಲಿದ್ದೆ?”

ರಿಜಿಸ್ಟರನ್ನು ಇನ್ನಷ್ಟು ಅವರತ್ತ ಸರಿಸಿದೆ.

ಆಪರೇಟರ್ ನಾಳೆಯಿಂದ ವಾಪಸ್. ನನಗೆ ನೋಟಿಸು, ಪುಟವೂ ಕೈಬಿಟ್ಟಿತು. ಖಾತೆ ಅಳಿಸಿದೆ. ಟೀಚರಮ್ಮನಂಥವರ ಅರ್ಜಿಗಳು ಮತ್ತೆ ಟ್ರೇಗೆ— ಅದೊಂದು ಕೊರಗು. ಆದರೆ ಮೆಚ್ಚುಗೆಯ ಚಟ ಬೇರುಸಹಿತ ಹೋಯಿತು. ಹೆಂಡತಿಗೂ ಫೋನ್ ಮಾಡಿ ಹೇಳಿದೆ: ಯಾರು ನಕ್ಕರೂ ಬಿಟ್ಟರೂ ಇನ್ನು ನನಗೇನೂ ಅನ್ನಿಸುವುದಿಲ್ಲ.

“ನೋಡೋಣ” ಎಂದಳು.

ಮಾರ್ಚ್ 20, ಮಧ್ಯಾಹ್ನ 12.40

ಆಪರೇಟರ್ ನನ್ನ ಟೇಬಲ್ ಹತ್ತಿರ ಬಂದರು. ಕ್ಷಮೆ ಕೇಳಿದೆ. ಕೇಳಿಸಿಕೊಂಡರು, ಅಷ್ಟೇ.

“ನಂದು ಬಟನ್ ಫೋನು. ಮಗಳು ಒಂದು ವಾರದಿಂದ ಕಾಲೇಜಿಗೆ ಹೋಗಿಲ್ಲ. ಅದ್ರಲ್ಲಿ ಏನ್ ಬರ್ದಿತ್ತಮ್ಮ ಅಂದ್ರೆ ಅಳ್ತಾಳೆ. ಬೇರೆಯವರನ್ನ ಕೇಳಿದ್ರೆ ನಗ್ತಾರೆ. ನೀವೇ ಹೇಳ್ಬಿಡಿ.”

ಅಳಿಸಿದ್ದೇನೆ ಎಂದೆ.

“ಬರ್ದೋರಿಗೆ ನೆನಪಿರಲ್ವಾ?”

ಇತ್ತು. ಅಕ್ಷರ ಅಕ್ಷರ. ತಲೆ ತಗ್ಗಿಸಿಯೇ ಹೇಳಿದೆ: ‘ಪಂಪ್ ನಿಂತಿದೆ ಎಂದವರು ಯಾರು? ಗೊರಕೆ ಕೇಳಿ, ಚೆನ್ನಾಗಿಯೇ ಓಡುತ್ತಿದೆ.’

ಹೇಳಿ ಮುಗಿಸಿ— ಇದನ್ನು ಹೆಂಡತಿಗೂ ಹೇಳಲಾರೆ— ಮೆಲ್ಲಗೆ ತಲೆಯೆತ್ತಿ ನೋಡಿದೆ. ನಕ್ಕರೇನೋ ಎಂದು...