ರೊಪ್ಪದ ಬಾಗಿಲು

ಕೂಟಗಲ್
ಮಾರ್ಗಶಿರ, 1923

ಬೆಂಗಳೂರಿನ ಧರ್ಮಾಸ್ಪತ್ರೆಯ ಜಮಾದಾರ್ ವಹಾಬ್ ಸಾಹೇಬರಿಗೆ ಕೂಟಗಲ್ಲಿನ ನರಸಯ್ಯನ ನಮಸ್ಕಾರ.

ನಮ್ಮಪ್ಪ ದೀಪ ಹಚ್ಚುವ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ನಿಂತು ಹಾದುಹೋಗುವವರ ಬೆನ್ನಿಗೆಲ್ಲ ಹೊಡೆಯುತ್ತಾರೆ, ಇನ್ನು ಕೈ ಕಟ್ಟದೆ ವಿಧಿಯಿಲ್ಲ ಎಂದು ಬರೆಸಿದ್ದೀರಿ.

ಅವರು ಹೊಡೆಯುತ್ತಿಲ್ಲ ಸ್ವಾಮಿ, ಕುರಿ ಎಣಿಸುತ್ತಿದ್ದಾರೆ. ಸಂಜೆ ಮೇದು ಬಂದ ಕುರಿಗಳನ್ನು ಒಂದೊಂದೇ ಬೆನ್ನು ತಟ್ಟಿ ರೊಪ್ಪದೊಳಗೆ ಬಿಡುವುದು ನಮ್ಮ ರೂಢಿ. ಆಗ ಯಾರಾದರೂ ಹೊರಗೆ ಹೋದರೆ ಲೆಕ್ಕ ತಪ್ಪುತ್ತದೆ, ಕೂಗಾಡುವುದು ಅದಕ್ಕೇ. ದಯವಿಟ್ಟು ಕಟ್ಟಬೇಡಿ. ಒಬ್ಬೊಬ್ಬರಾಗಿ ಸ್ವಲ್ಪ ಬಗ್ಗಿ ಒಳಗೆ ಬನ್ನಿ. ಕೊನೆಗೆ "ಎಲ್ಲಾ ಬಂದ್ಬುಟ್ವು ಕಣಣ್ಣ, ಬಾಗ್ಲು ಹಾಕ್ತೀನಿ" ಅನ್ನಿ. ಕೂತು ಉಣ್ಣುತ್ತಾರೆ.

ರಾತ್ರಿ ಹೊದೆಯಲು ಅವರ ಕಂಬಳಿ ಕಳಿಸಿದ್ದೇನೆ. ಒಗೆಯಬೇಡಿ, ಕುರಿಯ ವಾಸನೆ ಇರಲಿ.

ನಮ್ಮ ಕುರಿಗಳೆಲ್ಲ ರೋಗಕ್ಕೆ ಸತ್ತ ಮೇಲೆ ಅವ್ವನೂ ನಾನೂ ಅವರ ಮುಂದೆ ಬಗ್ಗಿ ಒಳಗೆ ಹೋಗುತ್ತಿದ್ದೆವು. ಈ ಮಳೆಗಾಲದಲ್ಲಿ ಅವ್ವ ತೀರಿಕೊಂಡಳು. ಆಮೇಲೆ ನಾನೊಬ್ಬನೇ ಹಿತ್ತಲಿಂದ ಸುತ್ತಿ ಬಂದು ಮತ್ತೆ ಮತ್ತೆ ಬಗ್ಗುತ್ತಿದ್ದೆ. ಎಷ್ಟು ಸಲ ಹೋದರೂ "ಮಿಕ್ಕವು ಎಲ್ಲಿ ಕಣ್ಲಾ?" ಅನ್ನುತ್ತಿದ್ದರು.

ಅದಕ್ಕೇ ನಿಮ್ಮಲ್ಲಿ ಬಿಟ್ಟೆ. ಅಲ್ಲಿ ಜನ ಇದ್ದಾರೆ.

ನಿಮ್ಮ ಜವಾಬು ಕಾಯುತ್ತಿರುವ
ನರಸಯ್ಯ