ಪಿ.ಪಿ. ನಂಬರಿನ ವಹಿ

ನಿಪ್ಪಾಣಿ,
17-10-1993

ಪ್ರೀತಿಯ ತಮ್ಮ ಧರೆಪ್ಪಾ,

ಹೈದರಾಬಾದಿನ ನೀರು ನಿನ್ನ ಹೊಟ್ಟೆಗೆ ಒಗ್ಗಿತೇ? ಪೊಲೀಸ್ ತರಬೇತಿಯ ಊಟದಲ್ಲಿ ರೊಟ್ಟಿ ಸಿಗುವುದಿಲ್ಲ ಎಂದು ಬರೆದಿದ್ದೆ. ಬರುವವರ ಕೈಯಲ್ಲಿ ಶೇಂಗಾ ಚಟ್ನಿ ಕಳಿಸುತ್ತೇನೆ. ನಾನು ಆರಾಮ ಇದ್ದೇನೆ. ಮಗ ಬಾಬಾ ಮುಂಬಯಿಯ ಸ್ಫೋಟದಲ್ಲಿ ಹೋಗಿ ಏಳು ತಿಂಗಳಾದರೂ ಇಬ್ಬರಿಗೆಂದೇ ಅಕ್ಕಿ ತೊಳೆಯುತ್ತೇನೆ. ಉಳಿದ ಅನ್ನ ಪಕ್ಕದ ಮೈಮುನಾಳ ಮನೆಗೆ ಹೋಗುತ್ತದೆ.

ಗುರುವಾರ ಠಾಣೆಯ ಫೌಜದಾರರು ಬಂದಿದ್ದರು. ನೀನು ಕಲಿಯಲು ಹೋಗಿರುವ ಆ ಕಂಪ್ಯೂಟರು ತೆಗೆದ ಸಂಶಯದ ಪಟ್ಟಿಯಲ್ಲಿ ಬಾಬಾನ ಹೆಸರಿದೆಯಂತೆ. ಫೋನು ಅವನ ಹೆಸರಿನಲ್ಲಿದೆ, ಅದಕ್ಕೆ ದುಬೈ, ಮುಂಬಯಿ, ಮಿರಜದಿಂದ ಕರೆ ಬಂದಿವೆ. ಬಾಂಬು ಇಟ್ಟವರನ್ನು ಹುಡುಕುವ ಪಟ್ಟಿಯಲ್ಲಿ ಬಾಂಬಿಗೆ ಸತ್ತ ನನ್ನ ಮಗ. ಓಣಿಗೆಲ್ಲ ಇರುವುದು ನಮ್ಮದೊಂದೇ ಫೋನು. ಮದುವೆ ಪತ್ರಿಕೆಯಲ್ಲಿ, ಅರ್ಜಿಯಲ್ಲಿ ಎಲ್ಲರೂ ನಮ್ಮ ನಂಬರು ಬರೆದು ಮುಂದೆ ‘ಪಿ.ಪಿ.’ ಎಂದು ಹಾಕುತ್ತಾರೆ, ಅಂದರೆ ಫೋನು ನೆರೆಮನೆಯದು, ಕರೆದು ಕೊಡುತ್ತಾರೆ ಎಂದು. ಯಂತ್ರಕ್ಕೆ ಅದು ಗೊತ್ತಿಲ್ಲ. ಪರದೇಶದವರು ಬರೆದ ಪ್ರೋಗ್ರಾಮು. ಅಲ್ಲಿ ಮನೆಗೊಂದು ಫೋನು ಇರಬೇಕು. ಶ್ರಾವಣದಲ್ಲಿ ಬಂದಾಗ ನೀನೇ ಹೇಳಿದ್ದೆ, “ಅದರ ಹೊಟ್ಯಾಗ ಏನೈತಿ ಅಂತ ನಮಗೂ ತೋರಸಂಗಿಲ್ಲಕ್ಕಾ, ಕೀಲಿ ಅವರ ಕಡೆನ ಐತಿ.”

ಫೋನಿನ ಪಕ್ಕ ಬಾಬಾ ಇಟ್ಟಿದ್ದ ವಹಿ ನಿನಗೆ ನೆನಪಿರಬಹುದು. ಯಾರಿಗೆ ಕರೆ ಬಂತು, ಏನು ಹೇಳಬೇಕು ಎಂದು ಅವನು ಬರೆಯುತ್ತಿದ್ದ, ಈಗ ನಾನು. ಫೌಜದಾರರು ಅದನ್ನೇ ಕೇಳಿದರು. “ವಹಿ ಕೊಡ್ರಿ ಅಕ್ಕಾರ, ಯಾರ ಕರೆ ಯಾರಿಗೆ ಅಂತ ತುಂಬತೀವಿ. ಮಗನ ಹೆಸರು ತಗಸ್ತೀನಿ.” ಪಟ್ಟಿಯಿಂದ ಬಾಬಾ ಹೋಗುತ್ತಾನೆ, ಅವನ ಜಾಗದಲ್ಲಿ ಮೂವತ್ತು ಮನೆಯ ಹೆಸರು ಕೂರುತ್ತವೆ. ಯಾರ ಮಗಳಿಗೆ ದಿನ ತುಂಬಿದೆ, ಯಾರ ಗಂಡ ಮಾತು ಬಿಟ್ಟಿದ್ದಾನೆ, ಎಲ್ಲ ಅದರಲ್ಲಿದೆ. “ಒಬ್ಬರ ಮ್ಯಾಗ ಸಂಶಯ ಇದ್ರ ಹೆಸರು ಹೇಳ್ರಿ, ನನಗ ಗೊತ್ತಿದ್ದದ್ದು ಹೇಳ್ತೀನಿ. ಇಡೀ ಓಣಿ ಕೊಡಂಗಿಲ್ಲ” ಎಂದೆ. “ಮಗನ್ನ ಕಳಕೊಂಡಾವ್ರು ನೀವ ಹಿಂಗಂದ್ರ ಹೆಂಗ್ರಿ?” ಎಂದರು. ಅವರು ಕೆಟ್ಟವರಲ್ಲ. ಮಂಗಳವಾರ ಹುಕುಂ ಕಾಗದದೊಂದಿಗೆ ಬರುತ್ತಾರಂತೆ.

ಮೈಮುನಾಳ ಗಂಡ ಮಲಂಗಸಾಬ ದುಬೈಯಿಂದ ಪ್ರತಿ ವಾರ ಮಾತಾಡುತ್ತಾನೆ. ಅವಳಿಗೆ ಹೇಳಿದರೆ ನಕ್ಕಳು. “ನಮ್ಮವ ಕೇಳೂದ ಒಂದ ಅಕ್ಕಾ, ಮಾಡು ಸೋರತೈತೇನು ಅಂತ. ಸರಕಾರಕ್ಕೂ ಗೊತ್ತಾತಲ್ಲ, ಹಂಚ ಅವ್ರ ಹಾಕಸ್ಲಿ.” ಹೋಗುವಾಗ ಅನ್ನದ ಪಾತ್ರೆ ಇಲ್ಲೇ ಬಿಟ್ಟು ಹೋದಳು. ಬಾಬಾನ ಹೆಸರೋ, ಇವಳ ಮನೆಯೋ? ಏನು ಮಾಡಲಿ ಎಂದು ಬೇಗ ಬರೆ.

ಉಂಡು ತಿಂದು ಗಟ್ಟಿಯಾಗಿರು. ದೇವರು ನಿನ್ನನ್ನು ತಂಪಾಗಿಟ್ಟಿರಲಿ.

ನಿನ್ನ ಅಕ್ಕ,
ಶೇವಂತಾ

ತಾ.ಕ.: ಉತ್ತರ ಬರೆಯಬೇಡ. ಫೌಜದಾರರು ಮಂಗಳವಾರದವರೆಗೆ ಕಾಯಲಿಲ್ಲ, ಜೀಪು ಈಗಲೇ ಓಣಿಯ ತುದಿಗೆ ಬಂದಿದೆ. ನೀರೊಲೆ ಉರಿಯುತ್ತಿತ್ತು, ವಹಿ ಹಾಕಿಬಿಟ್ಟೆ. ಸ್ಫೋಟದ ಹಿಂದಿನ ದಿನ, ಮಾರ್ಚ್ ಹನ್ನೊಂದರಂದು, ನಾನು ಬರೆದ ಹಾಳೆ ಮಾತ್ರ ಹರಿದಿಟ್ಟುಕೊಂಡಿದ್ದೆ: ‘ಬಾಬಾ, ಮುಂಬಯಿಯಿಂದ. ಸುಖವಾಗಿ ಮುಟ್ಟಿದ್ದಾನೆ.’ ಅದರ ಕೆಳಗೇ ಮೈಮುನಾಳಿಗೆ ದುಬೈಯಿಂದ ಬಂದ ಕರೆಯಿತ್ತು. ಅದನ್ನೂ ಹಾಕಿದೆ. ಪಟ್ಟಿಯಲ್ಲಿ ಬಾಬಾನ ಹೆಸರು ಇನ್ನು ಹಾಗೇ ಉಳಿಯುತ್ತದೆ. ಹೆಸರು ಹಾಕುವುದನ್ನು ಅಲ್ಲಿ ಕಲಿಸುತ್ತಾರೆ; ತೆಗೆಯುವುದು ಹೇಗೆಂದು ಕೇಳಿ ಕಲಿತು ಬಾ.