ಕೊನೆಯ ಏರಿನಲ್ಲಿ ನಿಂತ ಪಾಲಣ್ಣ

೭ ನವೆಂಬರ್ ೧೯೩೭, ಭಾನುವಾರ. ಮಧುಗಿರಿ.

ಓಟದಲ್ಲಿ ನನಗೇ ಮೊದಲ ಬಹುಮಾನ. ಆದರೂ ಮನಸ್ಸಿಗೆ ಸಮಾಧಾನವಿಲ್ಲ.

ಕೊರಟಗೆರೆಯಿಂದ ಇಲ್ಲಿಗೆ ಗುಡ್ಡ ಹತ್ತಿಳಿಯುವ ಹನ್ನೆರಡು ಮೈಲಿ. ಅರ್ಧ ದಾರಿಗೇ ಉಳಿದವರೆಲ್ಲ ಹಿಂದೆ ಬಿದ್ದರು. ಮುಂದೆ ನಾನು, ಪಾಲಣ್ಣ ಇಬ್ಬರೇ. ಬಸ್ಸು ಬರುವವರೆಗೆ ಟಪಾಲು ಚೀಲ ಹೊತ್ತು ಇದೇ ದಾರಿಯಲ್ಲಿ ಓಡುತ್ತಿದ್ದವನು ಅವನು. ಏದುಸಿರು ಬಿಡುತ್ತಿದ್ದ ನನಗೆ, "ಏರ್ನಾಗೆ ಮ್ಯಾಕೆ ನೋಡ್ಬ್ಯಾಡಿ ಸ್ವಾಮಿ, ಕಾಲ್ಬುಡ ನೋಡ್ಕಂಡು ಬನ್ನಿ" ಎಂದು ಹೇಳಿಕೊಡುತ್ತ ಬಂದ. ಕೊನೆಯ ಏರು ಹತ್ತಿ ಊರು ಕಂಡೊಡನೆ ನಿಂತುಬಿಟ್ಟ. ಅವನಿಗೆ ದಣಿವೇನೂ ಆಗಿರಲಿಲ್ಲ.

"ಯಾಕೋ ನಿಂತೆ?"

"ನೀವು ನಡೀರಿ ಸ್ವಾಮಿ. ನಾಳೆ ನನ್ ಜಮೀನಿನ ಕೇಸು ನಿಮ್ ಕೋರ್ಟ್‌ನಾಗೈತೆ."

ನಾನು ಬರೀ ಗುಮಾಸ್ತ ಕಣಯ್ಯ, ತೀರ್ಪು ನನ್ನ ಕೈಯಲ್ಲಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ, ಓಡಿದೆ. ಗುರಿಯ ಹಗ್ಗ ಮುಟ್ಟಿ, ಹಾರಕ್ಕೆ ಕತ್ತು ಒಡ್ಡಿದೆ. ಹಿಂದಿನಿಂದ ಬಂದ ಅವನೂ ಚಪ್ಪಾಳೆ ತಟ್ಟಿದ.

ಬಹುಮಾನದ ಬೆಳ್ಳಿ ಲೋಟ ಕೊಟ್ಟ ಅಮಲ್ದಾರರಿಗೆ ಬೆಳಿಗ್ಗೆ ನಿಜ ಹೇಳಿ, ಅದನ್ನು ಅವನಿಗೆ ಕೊಡಿಸಬೇಕು. ನನ್ನ ಹೆಂಡತಿ ಆಗಲೇ ಅದರಲ್ಲಿ ಮಗುವಿಗೆ ಹಾಲು ಕುಡಿಸಿ, ಬೀದಿಗೆಲ್ಲ ಸಕ್ಕರೆ ಹಂಚಿ ಬಂದಿದ್ದಾಳೆ. ಮೊದಲು ಅವಳಿಗೆ ಹೇಳಬೇಕು. ಹೇಗೆ ಶುರು ಮಾಡಲಿ...